ಕ್ಯೂವಿನ ನಡುವಿನ ಆ ಒಂದು ಇಂಚು

ಮಂಗಳೂರಿನ ಪೂಲ್ ಪಾರ್ಲರ್‌ಗಳಲ್ಲಿ ಸ್ವಂತ ಕ್ಯೂ, ಅಂದರೆ ಚೆಂಡು ಹೊಡೆಯುವ ಕೋಲು, ತರುವವರು ಈಗ ಅಪರೂಪವೇನಲ್ಲ. ಬ್ಯಾಗಿನ ಜಿಪ್ ಎಳೆದು, ಎರಡು ತುಂಡು ಹೊರತೆಗೆದು ತಿರುಗಿಸಿ ಜೋಡಿಸುವಾಗ ಪಕ್ಕದ ಟೇಬಲಿನವರು ಒಮ್ಮೆ ನೋಡಿಯೇ ನೋಡುತ್ತಾರೆ. ನೋಡಿದ ಮೇಲೆ ಬರುವ ಮೊದಲ ಪ್ರಶ್ನೆ "ಎಷ್ಟಾಯ್ತು?" ಸ್ವಲ್ಪ ಆಟ ಗೊತ್ತಿದ್ದವರಾದರೆ ಇನ್ನೊಂದು ಪ್ರಶ್ನೆಯೂ ಉಂಟು: "ಜಾಯಿಂಟ್ ಎಂತದ್ದು?"

ಜಾಯಿಂಟ್ ಎಂದರೆ ಆ ಎರಡು ತುಂಡು ಸೇರುವ ಜಾಗ. ಉತ್ತರ ಕೊಡುವ ಮೊದಲೇ ತೀರ್ಪು ತಯಾರಾಗಿರುತ್ತದೆ. ಸ್ಟೀಲ್ ಅಂದರೆ ಗಟ್ಟಿ ಹಿಟ್. ಮರಕ್ಕೆ ಮರವೇ ಕೂಡಿದರೆ ಮೆತ್ತಗೆ. ಫೀನಾಲಿಕ್ ಎಂಬ ಗಟ್ಟಿ ಪ್ಲಾಸ್ಟಿಕ್ ಇವೆರಡರ ನಡುವೆ. ಆನೆದಂತದ ಜಾಯಿಂಟ್ ಎಂದರೆ ಅದರ ಮಾತೇ ಬೇರೆ. ಹಂಪನಕಟ್ಟೆಯಿಂದ ಮಣಿಪಾಲದವರೆಗೆ, ಎಲ್ಲಿ ಆಡಲು ಹೋದರೂ ಈ ಮಾತು ಹೆಚ್ಚುಕಡಿಮೆ ಇದೇ ಕ್ರಮದಲ್ಲಿ ಕಿವಿಗೆ ಬೀಳುತ್ತದೆ. ಇದರಲ್ಲಿ ಸತ್ಯ ಉಂಟು. ಆದರೆ ಎಲ್ಲರೂ ಬೊಟ್ಟು ಮಾಡುವ ಜಾಗದಲ್ಲಿ ಅದು ಇಲ್ಲ ಎಂಬುದು ನನ್ನ ಅಭಿಪ್ರಾಯ. ಬಹಳ ಕಾಲ ಇದನ್ನೇ ತಲೆಗೆ ಹಚ್ಚಿಕೊಂಡಿದ್ದೇನೆ, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ವಸ್ತುವನ್ನು ನೋಡೋಣ. ಪೂಲ್ ಕ್ಯೂವಿನ ಉದ್ದ ಸಾಮಾನ್ಯವಾಗಿ 58 ಇಂಚು. ಸರಿ ನಡುವಿಗೆ ಎರಡು ಭಾಗ: ಮುಂದಿನ 29 ಇಂಚು ಶಾಫ್ಟ್, ಹಿಂದಿನ 29 ಇಂಚು ಬಟ್. ಬಟ್‌ನಿಂದ ಹೊರಗೆ ಚಾಚಿಕೊಂಡ ಪಿನ್ ಶಾಫ್ಟಿನ ಒಳಗಿನ ಥ್ರೆಡ್‌ಗೆ ಹೋಗಿ ಕೂರುತ್ತದೆ. ಪಿನ್ನಿನ ಹೆಸರೇ ಅದರ ಅಳತೆ. 5/16-14 ಎಂದರೆ ವ್ಯಾಸ ಇಂಚಿನ ಹದಿನಾರರಲ್ಲಿ ಐದು ಪಾಲು, ಇಂಚಿಗೆ 14 ಸುತ್ತು. 3/8-10 ಎಂದರೆ ಅದಕ್ಕಿಂತ ದಪ್ಪದ ಪಿನ್, ಇಂಚಿಗೆ ಹತ್ತೇ ಸುತ್ತು. ಎರಡು ತುಂಡುಗಳು ಸೇರುವ ಬಾಯಿಯ ಸುತ್ತ ಒಂದು ಕಾಲರ್ ಇರುತ್ತದೆ. ಸ್ಟೀಲ್ ಜಾಯಿಂಟ್, ಫೀನಾಲಿಕ್ ಜಾಯಿಂಟ್ ಎಂದು ನಾವು ಕರೆಯುವುದು ಹೆಚ್ಚಾಗಿ ಈ ಕಾಲರನ್ನು.

ಸೇರಿಸುವ ಕ್ರಮದಲ್ಲೂ ಮುಖ್ಯವಾಗಿ ಎರಡು ಬಗೆ. ಹಳೆಯ ಶೈಲಿಯ ಸ್ಟೀಲ್ ಜಾಯಿಂಟಿನಲ್ಲಿ ಶಾಫ್ಟಿನ ಮುಖದಿಂದ ಒಂದು ಚಿಕ್ಕ ಗುಂಡಗಿನ ಭಾಗ ಮುಂದೆ ಚಾಚಿರುತ್ತದೆ. ಅದಕ್ಕೆ ಪೈಲಟ್ ಎನ್ನುತ್ತಾರೆ. ಬಟ್‌ನ ಸ್ಟೀಲ್ ಕಾಲರಿನೊಳಗೆ ಅದು ಬಿಗಿಯಾಗಿ ಇಳಿದು ಎರಡೂ ತುಂಡುಗಳನ್ನು ಒಂದೇ ನೇರಕ್ಕೆ ತರುತ್ತದೆ. ಪಿನ್ ಹಿಡಿಯುವುದು ಶಾಫ್ಟಿನಲ್ಲಿ ಕೂರಿಸಿದ ಹಿತ್ತಾಳೆಯ ಥ್ರೆಡ್ಡನ್ನು. ಇನ್ನೊಂದು ಬಗೆ ಚಪ್ಪಟೆ ಮುಖದ್ದು. ಪೈಲಟ್ ಇಲ್ಲ, ಮುಖಕ್ಕೆ ಮುಖ ಒತ್ತಿ ಕೂರುವುದು. 3/8-10 ಪಿನ್ ಇರುವ ಕ್ಯೂಗಳಲ್ಲಿ ಅನೇಕ ಸಲ ಥ್ರೆಡ್ಡನ್ನು ಶಾಫ್ಟಿನ ಮರದಲ್ಲೇ ಕೊರೆದಿರುತ್ತಾರೆ.

ನಿಮ್ಮದು ಚಪ್ಪಟೆ ಮುಖದ ಕ್ಯೂ ಆಗಿದ್ದರೆ ಒಮ್ಮೆ ಬಿಚ್ಚಿ ಬಟ್‌ನ ಮುಖವನ್ನು ಬೆಳಕಿಗೆ ಹಿಡಿಯಿರಿ. ಹೊರಗಡೆ ಕೆಲವೇ ಮಿಲಿಮೀಟರ್ ಅಗಲದ ಕಾಲರ್, ಅದರೊಳಗೆ ಮರ, ಮರದ ನಡುವೆ ಪಿನ್. ಹೆಸರು ಹೊರಗಿನ ಉಂಗುರದ್ದು, ಕೆಲಸದ ದೊಡ್ಡ ಪಾಲು ಒಳಗಿನ ಮರದ್ದು. ಇಬ್ಬರು ಗೆಳೆಯರು ತಮ್ಮ ಕ್ಯೂಗಳನ್ನು ಅದಲುಬದಲು ಮಾಡಿ ಆಡಿ "ನಿನ್ನ ಫೀನಾಲಿಕ್ ಮೆತ್ತಗೆ, ನನ್ನ ಸ್ಟೀಲ್ ಗಟ್ಟಿ" ಎಂದು ಹೇಳುವಾಗ ಅವರು ಹೋಲಿಸುತ್ತಿರುವುದು ಪಿನ್ನಿನ ದಪ್ಪ, ಮುಖದ ಬಗೆ, ತೂಕ, ಶಾಫ್ಟಿನ ಇಳಿಜಾರು, ಶಾಫ್ಟಿನ ಮುಂತುದಿಗೆ ಅಂಟಿಸಿದ ಚರ್ಮದ ಟಿಪ್ಪಿನ ಗಡಸುತನ ಇಷ್ಟನ್ನೂ ಒಟ್ಟಿಗೆ. ಇದರಲ್ಲಿ ಟಿಪ್ಪಿನ ಪಾಲು ಎಲ್ಲಕ್ಕಿಂತ ದೊಡ್ಡದು. ಟಿಪ್ ಬದಲಾಯಿಸಿದರೆ ಕ್ಯೂವೇ ಬದಲಾದಂತೆ ಅನಿಸುವುದು ಆಡುವವರೆಲ್ಲರ ಅನುಭವ.

ಈಗ ಕಾಲದ ಲೆಕ್ಕ. ಚರ್ಮದ ಟಿಪ್ ಬಿಳಿ ಚೆಂಡನ್ನು ಮುಟ್ಟಿಕೊಂಡಿರುವುದು ಸುಮಾರು 1 ಮಿಲಿಸೆಕೆಂಡ್, ಸೆಕೆಂಡಿನ ಸಾವಿರದಲ್ಲಿ ಒಂದು ಪಾಲು. ಕೈಗೆ ಆದ ಸ್ಪರ್ಶ ಮೆದುಳು ತಲುಪಲು ಸುಮಾರು 20 ಮಿಲಿಸೆಕೆಂಡ್ ಬೇಕು. ಸಾಧಾರಣ ವೇಗದ ಹೊಡೆತ, ಸೆಕೆಂಡಿಗೆ 3 ಮೀಟರ್ ಅಂದುಕೊಳ್ಳಿ. ಅಷ್ಟರಲ್ಲಿ ಚೆಂಡು 6 ಸೆಂಟಿಮೀಟರ್ ಓಡಿರುತ್ತದೆ. ಪೂಲ್ ಚೆಂಡಿನ ವ್ಯಾಸ 57 ಮಿಲಿಮೀಟರ್ ಚಿಲ್ಲರೆ. ಹೊಡೆತ ಹೇಗೆ ಬಿತ್ತು ಎಂದು ಕೈಗೆ ಗೊತ್ತಾಗುವಷ್ಟರಲ್ಲಿ ಚೆಂಡು ತಾನಿದ್ದ ಜಾಗವನ್ನು ಪೂರ್ತಿ ಖಾಲಿ ಮಾಡಿ ಹೋಗಿ ಆಗಿದೆ. ನಾವು ಫೀಲ್ ಎನ್ನುವುದು ಮುಗಿದುಹೋದ ಹೊಡೆತದ ಸುದ್ದಿ.

ಹಾಗಾದರೆ ಜಾಯಿಂಟ್ ಚೆಂಡಿಗೆ ಏನೂ ಮಾಡುವುದಿಲ್ಲವೇ? ಇಲ್ಲಿ ಆತುರದ ಉತ್ತರ ಕೊಡಬಾರದು. ಶಾಫ್ಟಿನ ಮೇಪಲ್ ಮರದಲ್ಲಿ ಎಳೆಯ ಉದ್ದಕ್ಕೆ ಶಬ್ದದ ಅಲೆ ಸೆಕೆಂಡಿಗೆ ಸುಮಾರು 4,000 ಮೀಟರ್ ವೇಗದಲ್ಲಿ ಹೋಗುತ್ತದೆ. ಟಿಪ್ಪಿನಿಂದ ಜಾಯಿಂಟಿಗೆ ಹೋಗಿ ಮರಳಲು ಅದಕ್ಕೆ 0.4 ಮಿಲಿಸೆಕೆಂಡಿಗಿಂತ ಕಡಿಮೆ ಸಾಕು. ಅಂದರೆ ಟಿಪ್ ಚೆಂಡನ್ನು ಬಿಡುವ ಮೊದಲೇ ಆ ಅಲೆ ಜಾಯಿಂಟನ್ನು ಮುಟ್ಟಿ ಬಂದಿರುತ್ತದೆ. ಜಾಯಿಂಟಿಗೂ ಚೆಂಡಿಗೂ ಸಂಬಂಧವೇ ಇಲ್ಲ ಎಂದು ಶಪಥ ಮಾಡಲು ನಾನು ತಯಾರಿಲ್ಲ. ಆದರೆ ಸೈಡ್ ಹಾಕಿದಾಗ, ಅಂದರೆ ಚೆಂಡಿನ ನಡು ಬಿಟ್ಟು ಪಕ್ಕಕ್ಕೆ ಹೊಡೆದಾಗ, ಚೆಂಡು ಗುರಿಯಿಂದ ಓರೆಯಾಗಿ ಹೊರಡುತ್ತದಲ್ಲ, ಆ ಡಿಫ್ಲೆಕ್ಷನ್ ಮಾತ್ರ ಬೇರೆ ಕಥೆ. ಅದನ್ನು ನಿರ್ಧರಿಸುವುದು ಶಾಫ್ಟಿನ ಮುಂತುದಿಯ ಕೆಲವು ಇಂಚುಗಳ ತೂಕ. ಕ್ಯೂ ಅಡ್ಡಕ್ಕೆ ಬಾಗುವ ಅಲೆ ನಿಧಾನದ್ದು. ಅದು 29 ಇಂಚು ಹಿಂದಿರುವ ಜಾಯಿಂಟ್ ತಲುಪುವಾಗ ಚೆಂಡು ಅಲ್ಲಿರುವುದಿಲ್ಲ. "ಈ ಜಾಯಿಂಟ್ ಹಾಕಿದ ಮೇಲೆ ಡಿಫ್ಲೆಕ್ಷನ್ ಕಮ್ಮಿಯಾಯ್ತು" ಎಂದು ಯಾರಾದರೂ ಹೇಳಿದರೆ ಶಾಫ್ಟ್ ಕೂಡ ಬದಲಾಗಿದೆಯೇ ಎಂದು ಕೇಳಿ.

ಮಾಡುವ ವಸ್ತುವಿನಿಂದ ನಿಜವಾಗಿ ಬದಲಾಗುವುದು ಮೊದಲಿಗೆ ತೂಕ. ಸ್ಟೇನ್‌ಲೆಸ್ ಸ್ಟೀಲಿನ ಸಾಂದ್ರತೆ ನೀರಿನ ಎಂಟು ಪಟ್ಟು. ಹಿತ್ತಾಳೆ ಅದಕ್ಕಿಂತ ಸ್ವಲ್ಪ ಹೆಚ್ಚು. ಟೈಟಾನಿಯಂ ನಾಲ್ಕೂವರೆ ಪಟ್ಟು, ಅಲ್ಯೂಮಿನಿಯಂ 2.7. ದಂತ ಎರಡಕ್ಕೆ ಸ್ವಲ್ಪ ಕಡಿಮೆ, ಫೀನಾಲಿಕ್ ಒಂದೂಕಾಲರಿಂದ ಒಂದೂವರೆ ಒಳಗೆ. ಮೇಪಲ್ ನೀರಿಗಿಂತ ಹಗುರ, 0.7ರ ಆಸುಪಾಸು. ಸ್ಟೀಲ್ ಕಾಲರಿನಿಂದಾಗಿ ಕ್ಯೂವಿನ ನಡುವಿಗೆ ಒಂದು ಔನ್ಸ್ ಹೆಚ್ಚು ಬಿತ್ತು ಎಂದಿಟ್ಟುಕೊಳ್ಳಿ. 19 ಔನ್ಸಿನ ಕ್ಯೂ, ಸಮತೋಲದ ಬಿಂದು ಬಟ್‌ನ ಕೊನೆಯಿಂದ ಹದಿನೆಂಟೂವರೆ ಇಂಚಿಗೆ ಇದ್ದದ್ದು, ಅರ್ಧ ಇಂಚು ಮುಂದೆ ಸರಿಯುತ್ತದೆ. ಅರ್ಧ ಇಂಚು ಎಂದರೆ ಕಡಿಮೆಯಲ್ಲ. ಕ್ಯೂವಿಗೆ ಆಸರೆಯಾಗಿ ಟೇಬಲಿನ ಮೇಲಿಟ್ಟು ಬ್ರಿಡ್ಜ್ ಮಾಡಿದ ಎಡಗೈಯ ಮೇಲೆ ಶಾಫ್ಟ್ ಒತ್ತಿ ಕೂರುತ್ತದೆ, ಹಿಂದಿನ ಕೈ ಹಿಡಿತ ಸಡಿಲಿಸುತ್ತದೆ, ಸ್ಟ್ರೋಕ್ ತಾನಾಗಿಯೇ ಉದ್ದವಾಗುತ್ತದೆ. ಸ್ಟೀಲಿನವರು "ಗಟ್ಟಿ" ಎನ್ನುವುದರಲ್ಲಿ ಒಂದು ದೊಡ್ಡ ಪಾಲು ಈ ಮುಂದಿನ ಭಾರವೇ. ಬಟ್‌ನ ಹಿಂಭಾಗದ ತೂಕದ ಬೋಲ್ಟ್ ತೆಗೆದು ಹಗುರದ್ದು ಹಾಕಿದರೂ ಸಮತೋಲ ಮುಂದಕ್ಕೇ ಬರುತ್ತದೆ, ಅದಕ್ಕೆ ಜಾಯಿಂಟ್ ಬದಲಿಸಬೇಕಾಗಿಲ್ಲ.

ಎರಡನೆಯದು ನಡುಕ. ಇದರ ಬಗ್ಗೆ ನಮ್ಮಲ್ಲಿ ಯಾರೂ ಮಾತಾಡುವುದಿಲ್ಲ, ನನಗೆ ಮಾತ್ರ ಇದೇ ಅತ್ಯಂತ ರುಚಿಯ ಭಾಗ. ಸಮ ದಪ್ಪದ ಒಂದು ಕೋಲನ್ನು ಬಡಿದರೆ ಅದು ಬಾಗಿ ನಡುಗುವ ಮೂಲ ಕ್ರಮದಲ್ಲಿ ಎರಡು ಬಿಂದುಗಳು ಅಲುಗಾಡದೆ ನಿಲ್ಲುತ್ತವೆ. ಅವು ಎರಡೂ ತುದಿಗಳಿಂದ ಒಟ್ಟು ಉದ್ದದ ಶೇ 22ರಷ್ಟು ದೂರದಲ್ಲಿರುತ್ತವೆ. 58 ಇಂಚಿಗೆ ಲೆಕ್ಕ ಹಾಕಿದರೆ ಪ್ರತಿ ತುದಿಯಿಂದ 13 ಇಂಚು. ಕ್ಯೂ ಮುಂದೆ ತೆಳು, ಹಿಂದೆ ದಪ್ಪ ಆದ್ದರಿಂದ ಆಚೀಚೆ ಆಗುತ್ತದೆ, ಆದರೂ ಅಂದಾಜು ಅಲ್ಲೇ. ಇನ್ನು ಕೋಲು ಅತಿ ಹೆಚ್ಚು ಬಾಗುವ ಜಾಗ ಯಾವುದು? ಸರಿ ನಡು. ಪೂಲ್ ಕ್ಯೂವನ್ನು ಕಡಿದು ಜೋಡಿಸುವುದೂ ಅಲ್ಲೇ.

ನಮ್ಮ ಕಡೆ ಹಳಬರೆಲ್ಲ ಸ್ನೂಕರ್ ಕಲಿತು ಪೂಲಿಗೆ ಬಂದವರು. 1875ರಲ್ಲಿ ಜಬಲ್ಪುರದ ಸೇನಾ ಮೆಸ್ಸಿನಲ್ಲಿ ಹುಟ್ಟಿದ ಆಟ ಅದು. ಬಿಲಿಯರ್ಡ್ಸ್, ಸ್ನೂಕರ್ ಎರಡರಲ್ಲೂ ವಿಶ್ವ ಚಾಂಪಿಯನ್ ಆದ ಪಂಕಜ್ ಅಡ್ವಾಣಿ ಬೆಂಗಳೂರಿನವರೇ. ಸ್ನೂಕರಿನ ಮುಕ್ಕಾಲು ಕ್ಯೂವಿನಲ್ಲಿ ಹಿತ್ತಾಳೆ ಜಾಯಿಂಟ್ ಬರುವುದು ಹಿಂದಿನ ಕೊನೆಯಿಂದ ಸುಮಾರು 15 ಇಂಚಿಗೆ, ಅಂದರೆ ಆ ಅಲುಗಾಡದ ಬಿಂದುವಿನ ಹತ್ತಿರ. ಮುಂದಿನ ಉದ್ದನೆಯ ಆ್ಯಶ್ ಮರ ಒಂದೇ ತುಂಡಾಗಿ ಬಾಗಿ ನಿಲ್ಲುತ್ತದೆ. ಸ್ನೂಕರಿನವರು ಮೊದಲ ಸಲ ಪೂಲ್ ಕ್ಯೂ ಹಿಡಿದು "ಮಧ್ಯದಲ್ಲಿ ಏನೋ ಅಡ್ಡ ಸಿಕ್ಕಿದ ಹಾಗೆ ಆಗ್ತದೆ" ಎನ್ನುವುದನ್ನು ಕೇಳಿದ್ದೇನೆ. ಅವರು ಹೇಳುವುದು ಸರಿಯೇ. ಆ ನಡುವಿನಲ್ಲಿ ಕೂರಿಸಿದ್ದು ಮರಕ್ಕಿಂತ ಬಹಳ ಗಡುಸಾಗಿದ್ದರೆ ನಡುಕದ ಸ್ವರ ಬದಲಾಗುತ್ತದೆ. ಕಾಲರ್ ಯಾವುದರದ್ದು ಎಂಬುದು ಲೆಕ್ಕಕ್ಕೆ ಬರುವುದು ಇಲ್ಲೇ.

ಆದರೆ ಆ ಸ್ವರ ನಮಗೆ ಕೈಯಿಂದ ಗೊತ್ತಾಗುತ್ತದೋ ಕಿವಿಯಿಂದಲೋ? ಒಮ್ಮೆ ಗೆಳೆಯನ ಮನೆಯ ಟೇಬಲಿನಲ್ಲಿ ಇದನ್ನು ಪರೀಕ್ಷೆ ಮಾಡಿದೆವು. ಬೇರೆ ಬೇರೆ ಜಾಯಿಂಟಿನ ಕೆಲವು ಕ್ಯೂಗಳು. ಎಲ್ಲದಕ್ಕೂ ಒಂದೇ ಬಗೆಯ ಟಿಪ್, ಹೊಸದಾಗಿ ಕೂರಿಸಿ ಒಂದೇ ಉರುಟಿಗೆ ತಿದ್ದಿದ್ದು. ನಡುವಿಗೆ ಬಟ್ಟೆ ಸುತ್ತಿ ಕಾಲರ್ ಮುಚ್ಚಿದೆವು. ಆಡುವವನ ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ಯಕ್ಷಗಾನದ ಚೆಂಡೆಯ ರೆಕಾರ್ಡಿಂಗ್ ಜೋರಾಗಿ ಹಾಕಿದೆವು. ಶಬ್ದ ಇದ್ದಾಗ ಸ್ಟೀಲ್ ಯಾವುದು ಎಂದು ಥಟ್ಟನೆ ಹೇಳುತ್ತಿದ್ದವರು ಚೆಂಡೆ ಶುರುವಾದ ಮೇಲೆ ತಡವರಿಸಿದರು. ಮುಂದೆ ಭಾರವಿರುವ ಕ್ಯೂವನ್ನು ಗುರುತಿಸಿದರು, ಅದು ಸ್ಟೀಲೋ ಹಿತ್ತಾಳೆಯೋ ಎಂದು ಹೇಳಲಾಗಲಿಲ್ಲ. ಕೊನೆಗೆ ಫೀನಾಲಿಕ್‌ನ ಒಂದು ಕ್ಯೂವನ್ನು ಬೇಕೆಂದೇ ಅರ್ಧ ಸುತ್ತು ಸಡಿಲ ಬಿಟ್ಟು ಕೊಟ್ಟೆವು. ಅದನ್ನು ಮಾತ್ರ ಎಲ್ಲರೂ ಮೊದಲ ಹೊಡೆತಕ್ಕೇ ಹಿಡಿದರು, ಚೆಂಡೆ ಎಷ್ಟೇ ಜೋರಿದ್ದರೂ.

ನಾಲ್ಕು ಜನ ಗೆಳೆಯರು ಮನೆಯಲ್ಲಿ ಮಾಡಿದ್ದನ್ನು ವಿಜ್ಞಾನ ಎನ್ನಲಾಗದು. ಆದರೂ ನನ್ನ ತಲೆಯೊಳಗಿನ ಕ್ರಮ ಅಂದಿನಿಂದ ಬದಲಾಯಿತು. ಎರಡು ಮುಖಗಳು ಎಷ್ಟು ಸರಿಯಾಗಿ ಕೂರುತ್ತವೆ ಎಂಬುದು ಮೊದಲು. ಆಮೇಲೆ ತೂಕ ಎಲ್ಲಿ ಬಿದ್ದಿದೆ ಎಂಬುದು. ಕಾಲರ್ ಯಾವುದರದ್ದು ಎಂಬುದು ಅದರ ನಂತರ. ಹಾಗೆಂದು ಕಿವಿಯಿಂದ ಬರುವ ಫೀಲನ್ನು ಸುಳ್ಳು ಎಂದು ತಳ್ಳಿಹಾಕುವವರ ಜೊತೆಗೂ ನಾನಿಲ್ಲ. ಮುಗಿದ ಹೊಡೆತದ ಸುದ್ದಿಯೇ ಮುಂದಿನ ಹೊಡೆತದ ಪಾಠ. ಸ್ಕ್ರೂ ಬ್ಯಾಕ್ ಹೊಡೆದು ಚೆಂಡು ಎಷ್ಟು ಹಿಂದೆ ಬಂತು ಎಂದು ಕಣ್ಣು ನೋಡುತ್ತದೆ, ಟಿಪ್ ಬಿದ್ದ ಸದ್ದನ್ನು ಕಿವಿ ಇಟ್ಟುಕೊಳ್ಳುತ್ತದೆ, ಎರಡನ್ನೂ ಕೂಡಿಸಿ ಕೈ ಕಲಿಯುತ್ತದೆ. ವರ್ಷಗಟ್ಟಲೆ ಒಂದೇ ಸದ್ದಿಗೆ ಒಗ್ಗಿದವರಿಗೆ ಇನ್ನೊಂದು ಜಾಯಿಂಟ್ ಕೊಟ್ಟರೆ ಆಟ ತಪ್ಪುವುದು ಸಹಜ.

ಸ್ಟೀಲಿಗೆ ಅಷ್ಟು ಗೌರವ ಬಂದದ್ದರಲ್ಲಿ ಜಾರ್ಜ್ ಬಲಬುಷ್ಕ ಅವರ ಪಾಲು ದೊಡ್ಡದು. 1912ರಲ್ಲಿ ರಷ್ಯಾದಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದ ಮರಗೆಲಸದವರು. ಕ್ಯೂ ಮಾಡಲು ಶುರು ಮಾಡಿದ್ದು 1959ರಲ್ಲಿ, ತೀರಿಕೊಂಡದ್ದು 1975ರಲ್ಲಿ. ಅಷ್ಟು ಕಡಿಮೆ ಕಾಲದ ಕೆಲಸಕ್ಕೆ ಇಂದಿಗೂ ಅಷ್ಟೊಂದು ಬೆಲೆ. ಅವರ ಕ್ಯೂಗಳ ಸ್ಟೇನ್‌ಲೆಸ್ ಜಾಯಿಂಟನ್ನು ನೋಡಿ ಉಳಿದವರೂ ಅದೇ ದಾರಿ ಹಿಡಿದರು. ಅವರ ಕೈಯ ಅಚ್ಚುಕಟ್ಟಿನ ಕೀರ್ತಿ ಲೋಹಕ್ಕೂ ಅಂಟಿಕೊಂಡಿತು ಎಂದು ನನಗೆ ಅನಿಸುತ್ತದೆ.

ದಂತದ ಮಾತನ್ನು ಇಲ್ಲಿ ಬೇಗ ಮುಗಿಸುತ್ತೇನೆ. ಭಾರತೀಯ ಆನೆಯ ದಂತದ ವ್ಯಾಪಾರವನ್ನು ವನ್ಯಜೀವಿ ಸಂರಕ್ಷಣಾ ಕಾಯ್ದೆಯ 1986ರ ತಿದ್ದುಪಡಿ ನಿಲ್ಲಿಸಿತು. ಆಫ್ರಿಕಾದ ದಂತವನ್ನೂ 1991ರಲ್ಲಿ ಸೇರಿಸಲಾಯಿತು. ಅಮೆರಿಕ ಕೂಡ 2016ರಲ್ಲಿ ಆಫ್ರಿಕನ್ ಆನೆದಂತದ ವ್ಯಾಪಾರವನ್ನು ಬಹುಪಾಲು ಮುಚ್ಚಿತು. ಕೊಳ್ಳಬಾರದು, ತರಿಸಬಾರದು, ಆಸೆಯನ್ನೂ ಪಡಬಾರದು. ಲಿಯೋ ಬೇಕ್‌ಲ್ಯಾಂಡ್ 1907ರಲ್ಲಿ ಬೇಕಲೈಟ್ ಕಂಡುಹಿಡಿದ ಮೇಲೆ ಬಂದ ಫೀನಾಲಿಕ್ ರಾಳವೇ ಇಂದು ಒಳ್ಳೆಯ ಪೂಲ್ ಚೆಂಡುಗಳ ಮೈ. ಒಂದು ಕಾಲದಲ್ಲಿ ಚೆಂಡನ್ನೂ ದಂತದಿಂದಲೇ ಮಾಡುತ್ತಿದ್ದರು. ಚೆಂಡು ದಂತವನ್ನು ಬಿಟ್ಟು ಬದುಕಿತು, ಜಾಯಿಂಟಿಗೂ ಅದರ ಅಗತ್ಯ ಇಲ್ಲ.

ಇನ್ನು ನಮ್ಮ ಊರಿನದ್ದೇ ಸಮಸ್ಯೆ. ಇಲ್ಲಿ ಜುಲೈಯಲ್ಲಿ ಗಾಳಿಯ ತೇವ ಶೇ 90ರ ಆಸುಪಾಸು. ಆಟಿ ತಿಂಗಳಲ್ಲಿ ಮನೆಯ ಬಾಗಿಲುಗಳೇ ಉಬ್ಬಿ ಚೌಕಟ್ಟಿಗೆ ಕೂರದೆ ಹಟ ಮಾಡುತ್ತವೆ, ಮೇಪಲ್ ಕೂಡ ಮರವೇ. ಗಟ್ಟಿ ಮೇಪಲ್ಲಿನ ತೇವಾಂಶ ಶೇ 1 ಏರಿದರೆ ಬೆಳವಣಿಗೆಯ ಉಂಗುರದ ದಿಕ್ಕಿಗೆ ಅದು ಸುಮಾರು ಶೇ 0.35 ಹಿಗ್ಗುತ್ತದೆ, ಉಂಗುರಕ್ಕೆ ಅಡ್ಡವಾಗಿ ಅದರ ಅರ್ಧದಷ್ಟು. ಜಾಯಿಂಟಿನ ಬಳಿ ಕ್ಯೂವಿನ ವ್ಯಾಸ ಇಪ್ಪತ್ತೊಂದೂವರೆ ಮಿಲಿಮೀಟರಿನ ಹತ್ತಿರ. ಸೀಲ್ ಮಾಡದ ಮರ ಶೇ 4 ತೇವ ಹೀರಿದರೆ ಒಂದು ದಿಕ್ಕಿಗೆ 0.3 ಮಿಲಿಮೀಟರ್, ಇನ್ನೊಂದು ದಿಕ್ಕಿಗೆ 0.15. ಉರುಟು ಹೋಗಿ ಮೊಟ್ಟೆಯಾಕಾರ. ಲೋಹದ ಕಾಲರ್ ಮಾತ್ರ ಇದ್ದ ಹಾಗೇ ಇರುತ್ತದೆ. ಜೋಡಿಸಿದ ಕ್ಯೂವಿನ ಸಂದಿಯ ಮೇಲೆ ಉಗುರು ಹಾಯಿಸಿ ಸುತ್ತಲೂ ತಿರುಗಿಸಿ ನೋಡಿ. ಎರಡು ಕಡೆ ಉಗುರು ತಡೆದು, ಎರಡು ಕಡೆ ನುಣ್ಣಗೆ ಜಾರಿದರೆ ಅದು ಮಳೆಯ ಕೆಲಸ. ಪೈಲಟ್ ಮರದ್ದಾಗಿದ್ದರೆ ಕಾಲರಿನೊಳಗೆ ಇಳಿಯುವುದೇ ಇಲ್ಲ. ಬಲವಂತ ಮಾಡಿದರೆ ಮುಖ ಪೂರ್ತಿ ಕೂರುವ ಮೊದಲೇ ಬಿಗಿಯಾದ ಹಾಗೆ ಅನಿಸುತ್ತದೆ. ಆಗ ನಿಮ್ಮ ಸ್ಟೀಲ್ ಜಾಯಿಂಟಿನ ಹೊಡೆತ ಮಂಕಾಗುತ್ತದೆ, ದೂರು ಸ್ಟೀಲಿನ ಮೇಲೆ ಹೋಗುತ್ತದೆ.

ನನ್ನದೊಂದು ಕ್ಯೂ ಹೀಗೆ ಸದ್ದು ಕಳೆದುಕೊಂಡಾಗ ಬೈಕಂಪಾಡಿಯ ಒಂದು ಲೇತ್ ವರ್ಕ್‌ಶಾಪಿಗೆ ಒಯ್ದಿದ್ದೆ. ಅವರ ಮುಖ್ಯ ಕೆಲಸ ಮೀನುಗಾರಿಕೆ ಬೋಟುಗಳ ಪ್ರೊಪೆಲ್ಲರ್ ಶಾಫ್ಟ್. ಕ್ಯೂವನ್ನು ಕೈಗೆ ತೆಗೆದುಕೊಂಡು ಎರಡೂ ಮುಖಗಳನ್ನು ಬೆರಳಿನಿಂದ ಸವರಿದರು.

"ಅಣ್ಣ, ಪಿನ್ ಸಡಿಲ ಆಗಿದೆಯೋ ಏನೋ" ಎಂದೆ.

"ಪಿನ್ ಸರಿ ಉಂಟು. ಸ್ವಲ್ಪ ನಿಲ್ಲಿ, ಬಣ್ಣ ಹಚ್ಚಿ ನೋಡುವ."

ಬಟ್‌ನ ಮುಖಕ್ಕೆ ಬೆರಳ ತುದಿಯಲ್ಲಿ ನೀಲಿ ಬಣ್ಣವನ್ನು ಬಹಳ ತೆಳ್ಳಗೆ ಸವರಿ, ಶಾಫ್ಟನ್ನು ಪೂರ್ತಿ ತಿರುಗಿಸಿ ಬಿಗಿ ಮಾಡಿ, ಮತ್ತೆ ಬಿಚ್ಚಿದರು. ಶಾಫ್ಟಿನ ಮುಖದಲ್ಲಿ ನೀಲಿ ಅಂಟಿದ್ದು ಒಂದೇ ಬದಿಗೆ, ಬಿದಿಗೆ ಚಂದ್ರನಷ್ಟು ತೆಳುವಾಗಿ. ಉಳಿದ ಮರ ಮುಟ್ಟಿಯೇ ಇರಲಿಲ್ಲ.

"ಬೋಟಿನಲ್ಲೂ ಇದೇ ಮಾರಾಯ್ರೆ. ಕಪ್ಲಿಂಗ್ ಮುಖ ಕೂರ್ಲಿಲ್ಲ ಅಂದ್ರೆ ನೀವು ಯಾವ ಲೋಹ ಹಾಕಿದ್ರೂ ನಡುಗ್ತದೆ."

ಪಿನ್ನಿನದ್ದೇ ಅಳತೆಯ ಒಂದು ಥ್ರೆಡ್ ತುಂಡನ್ನು ಮೊದಲು ಲೇತಿನಲ್ಲಿ ಕಡೆದುಕೊಂಡರು. ಶಾಫ್ಟನ್ನು ಅದಕ್ಕೆ ತಿರುಗಿಸಿ ಕೂರಿಸಿ, ಅದರ ನೇರಕ್ಕೇ ಮುಖದಿಂದ ಕೂದಲೆಳೆಯಷ್ಟು ಮರ ತೆಗೆದರು. ಮತ್ತೆ ನೀಲಿ ಹಚ್ಚಿದಾಗ ಸುತ್ತಲೂ ಸಮವಾಗಿ ಅಂಟಿತ್ತು. ಕೊರೆದ ಮರ ಮತ್ತೆ ತೇವ ಕುಡಿಯದ ಹಾಗೆ ಮುಖಕ್ಕೆ, ಥ್ರೆಡ್ಡಿಗೆ ತೆಳುವಾಗಿ ಸೀಲರ್ ಹಚ್ಚಲು ಹೇಳಿದರು. ಕಾಲರ್ ಅದೇ, ಪಿನ್ ಅದೇ. ಆದರೂ ಆ ಸಂಜೆ ಟೇಬಲಿನಲ್ಲಿ ಹೊಡೆದಾಗ ಸದ್ದು ಮರಳಿತ್ತು, ಹಿಂದಿನ ಕೈಯಲ್ಲಿದ್ದ ಆ ಜುಮ್ಮೆನ್ನುವ ನಡುಕ ಹೋಗಿತ್ತು.

ಕರಾವಳಿಯವರು ಯಾರಾದರೂ ಕ್ಯೂ ಮಾಡಿಸಿಕೊಳ್ಳುವುದಾದರೆ ನಾನು ಹೇಳುವುದು ಇಷ್ಟು. ಸಮತೋಲ ಎಷ್ಟು ಇಂಚಿಗೆ ಬೇಕು ಎಂದು ಮೊದಲು ಬರೆದುಕೊಡಿ, ಲೋಹದ ಹೆಸರು ಆಮೇಲೆ. ಶಾಫ್ಟನ್ನು ಎಷ್ಟು ಹಂತಗಳಲ್ಲಿ, ನಡುವೆ ಎಷ್ಟು ತಿಂಗಳು ತೂಗುಹಾಕಿ ಕಡೆಯುತ್ತಾರೆ ಎಂದು ಕೇಳಿ. ಒಳ್ಳೆಯ ತಯಾರಕರು ಒಂದೇ ಸಲಕ್ಕೆ ಅಳತೆಗೆ ತರುವುದಿಲ್ಲ. ಸ್ವಲ್ಪ ಕಡೆದು, ಮರ ತನ್ನಷ್ಟಕ್ಕೆ ಬಾಗುವುದನ್ನು ಮುಗಿಸಲಿ ಎಂದು ಬಿಟ್ಟು, ಮತ್ತೆ ಕಡೆಯುತ್ತಾರೆ. ಮರದಲ್ಲೇ ಕೊರೆದ ಥ್ರೆಡ್ ಆದರೆ ಒಳಗೆ ಸೀಲ್ ಮಾಡಿದ್ದಾರೆಯೇ ಎಂದು ಖಚಿತಪಡಿಸಿಕೊಳ್ಳಿ. ನನಗಾದರೆ ಚಪ್ಪಟೆ ಮುಖ, 3/8-10 ಪಿನ್, ಫೀನಾಲಿಕ್ ಕಾಲರ್ ಸಾಕು. ಸಮತೋಲ ಮುಂದೆ ಬೇಕೆನ್ನುವವರು ಸ್ಟೀಲ್ ಹಾಕಿಸಿಕೊಳ್ಳಲಿ, ಅದು ಒಳ್ಳೆಯ ಕಾರಣ.

ಬಿಚ್ಚಿಟ್ಟಾಗ ಎರಡೂ ಬಾಯಿಗೆ ಪ್ರೊಟೆಕ್ಟರ್ ಮುಚ್ಚಳ ತಿರುಗಿಸಿ ಇಡಿ. ಮಳೆಗಾಲದಲ್ಲಿ ಎಸಿ ಇರುವ ಪಾರ್ಲರಿನಿಂದ ಹೊರಗೆ ಬಂದು ಕ್ಯೂವನ್ನು ಕಾರಿನ ಡಿಕ್ಕಿಯಲ್ಲಿ ಬಿಟ್ಟು ಊಟಕ್ಕೆ ಹೋಗಬೇಡಿ. ಹಳೆಯ ಕ್ಯೂ ಕೊಳ್ಳುವವರು ಆದಷ್ಟು ಜುಲೈ, ಆಗಸ್ಟಿನಲ್ಲೇ ಹೋಗಿ ನೋಡುವುದು ಒಳ್ಳೆಯದು. ಜನವರಿಯ ಒಣ ಹವೆಯಲ್ಲಿ ಚೆನ್ನಾಗಿ ಕೂರುವ ಪೈಲಟ್ ಮಳೆಯಲ್ಲಿ ಕೂರುತ್ತದೆ ಎಂಬ ಖಾತರಿ ಇಲ್ಲ, ಮಾರುವವರಿಗೂ ಅದು ಗೊತ್ತಿರುತ್ತದೆ.